ಗುಳಿಗೆಯ ಜೊತೆಗೆ ವ್ಯಾಯಾಮ

ಎಚ್.ಐ.ವಿ. ಸೋಂಕು ತಗುಲಿದವರಿಗೆ ಸರಕಾರವು ಬೆಲೆಯಿಲ್ಲದೆ ಔಷಧ ಕೊಡಲಾರಂಭಿಸಿದ್ದು 2004ನೆಯ ಇಸವಿಯ ಎಪ್ರಿಲ್ ತಿಂಗಳಲ್ಲಿ. ಅದಕ್ಕೆ ಮುಂಚೆ ಈ ರೋಗವೆಂದರೆ ಸಾವೆಂದೇ ಜನರ ತಿಳುವಳಿಕೆಯಾಗಿದ್ದಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಇದರಿಂದ ಎಷ್ಟು ನೊಂದವೆಂಬುದನ್ನು ಇಲ್ಲಿಯ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಇಂದು ವೇಳೆಗೆ ಸರಿಯಾಗಿ ಚಿಕಿತ್ಸೆಯನ್ನಾರಂಭಿಸಿ, ತಪ್ಪದೆ ಗುಳಿಗೆ ಸೇವಿಸುವವನು ಮುಪ್ಪಿನವರೆಗೆ ಬಾಳಬಲ್ಲನು. ಆದರೆ ಬಾಳು ನೀಳವಾದಂತೆ ಹೃದ್ರೋಗ, ಎಲುಬಿನ ಸವೆತ, ಸ್ನಾಯುಗಳ ಕ್ಷೀಣತೆ ಮುಂತಾದ ಹೊಸ ಉಪದ್ರವಗಳೂ ಬೆನ್ನುಹತ್ತಿರುತ್ತವೆ. ಡೊಲುಟೆಗ್ರಾವಿರ್ ಎಂಬ ಇಂದಿನ ಔಷಧದಿಂದ ಕೆಲವರ ತೂಕ ಏರುವದೂ ಕಂಡುಬಂದಿದೆ. ಇವುಗಳಿಗೆ ಗುಳಿಗೆಯೊಂದೇ ಸಾಲದು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಈ ಸೋಂಕಿನವರನ್ನು ಹೆಸರಿಸಿಯೇ, ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮವನ್ನೂ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸವನ್ನೂ ವಿಧಿಸಿತು. ಪ್ರಕೃತಿ ಸ್ಥಿರವಾಗಿರುವವರಿಗೆ ಇದರಿಂದ ಕೆಡುಕಿಲ್ಲ. ದಮ್ಮೂ ಕಸುವೂ ಹೆಚ್ಚುವವೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿರುತ್ತದೆ.

ಇದು ಮನೆಯಲ್ಲಿಯೇ ಏಕೆ ನಡೆಯಬೇಕೆಂದು ಕೇಳಬಹುದು. ಗರಡಿಗೆ ಅಥವಾ ಮೈದಾನಕ್ಕೆ ಹೊಸದಾಗಿ ಹೋದವನನ್ನು ನೆರೆಯವರು ಕಾರಣ ಕೇಳದೆ ಬಿಡುವದಿಲ್ಲ. ಗುಟ್ಟು ಹೊರಬಿದ್ದೀತೆಂಬ ಅಂಜಿಕೆಯಿಂದ ಹತ್ತಿರದ ದವಾಖಾನೆಯನ್ನು ಬಿಟ್ಟು ದೂರದೂರಿಗೆ ಹೋಗುವವರೂ ಉಂಟು. 2017ರ ಕಾಯಿದೆಯು ರೋಗಿಯ ಗುಟ್ಟನ್ನು ಕಾಯುತ್ತದೆ ನಿಜ. ಓಣಿಯ ಬಾಯನ್ನು ಯಾವ ಕಾಯಿದೆ ಮುಚ್ಚೀತು? ಮನೆಯೊಳಗೆ ಕುರ್ಚಿಯಿಂದ ಎದ್ದು ಕೂಡ್ರುವದು, ಗೋಡೆಗೆ ಕೈಯೂರಿ ಮೈಯನ್ನು ದೂಡುವದು, ತುಂಬಿದ ತಂಬಿಗೆಯನ್ನೆತ್ತಿ ಇಳಿಸುವದು, ಅಂಗಳದಲ್ಲಿ ಬಿರುಸಾಗಿ ನಡೆಯುವದು, ಇವಕ್ಕೆ ಕಾಸು ಬೇಕಿಲ್ಲ. ನಮ್ಮ ನೆಲಕ್ಕೆ ಇದು ಹೊಸತೂ ಅಲ್ಲ. ಹಿಂದೆ ಔಂಧ ಸಂಸ್ಥಾನಕ್ಕೆ ಸೇರಿದ್ದ ಗುಣದಾಳವು ಇದೇ ಜಿಲ್ಲೆಯದು. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಲು ಶ್ರಮಿಸಿದ ಭವಾನರಾವ್ ಪಂತಪ್ರತಿನಿಧಿಯವರು ಆ ಸಂಸ್ಥಾನದ ಅರಸರು.

ಹಗಲೆಲ್ಲ ಕಬ್ಬು ಕಡಿಯುವವಳಿಗೆ ಮತ್ತೆ ವ್ಯಾಯಾಮವೇ ಎಂಬ ಆಕ್ಷೇಪವು ನ್ಯಾಯವಾದುದು. ಅವಳಿಗೆ ಬೇಕಾದುದು ಅನ್ನ, ವಿಶ್ರಾಂತಿ. ನಾವು ಹೇಳುವದು ಮುಖ್ಯವಾಗಿ ಕುಳಿತು ದುಡಿಯುವ ಕಾರಕೂನ, ಅಂಗಡಿಕಾರ, ದರ್ಜಿಗಳಿಗೂ, ಮನೆಯಲ್ಲಿಯೇ ಉಳಿದ ವಯಸ್ಸಾದವರಿಗೂ. ಜ್ವರ, ಕ್ಷಯ, ಎದೆನೋವು ಇದ್ದವರು ವೈದ್ಯರನ್ನು ಕೇಳದೆ ತೊಡಗಕೂಡದು. ಪಾದ ಜೋಮುಗಟ್ಟುವವರು ಕುಳಿತೇ ಮಾಡತಕ್ಕದ್ದು.

ತೊಡಕಿರುವದು ಬೇರೆಡೆಯಲ್ಲಿ. ಕೇಳುವವರಿಲ್ಲದ ಮನೆಯ ವ್ಯಾಯಾಮವು ಕೆಲವು ವಾರಗಳಲ್ಲಿ ನಿಂತುಹೋಗುತ್ತದೆ. “ಸ್ವಲ್ಪ ನಡೆದಾಡಿರಿ” ಎಂಬ ಬಾಯಿಮಾತು ಚಿಕಿತ್ಸೆಯೆನಿಸದು. ಊರ ಮಗ್ಗುಲಿನ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ದೈಹಿಕ ಶಿಕ್ಷಣವನ್ನೂ ಕಲಿಸುತ್ತಾರೆ. ಆ ವಿಭಾಗದವರು ಜಿಲ್ಲಾ ಆಸ್ಪತ್ರೆಯ ವೈದ್ಯರೊಡನೆ ಕುಳಿತು, ಓದುಬಾರದವರಿಗೂ ತಿಳಿಯುವಂತೆ ಚಿತ್ರಗಳುಳ್ಳ ಒಂದು ಕನ್ನಡ ಹಾಳೆಯನ್ನು ಸಿದ್ಧಪಡಿಸಲಿ. ಅದರ ಮೇಲೆ ರೋಗದ ಹೆಸರು ಇರಕೂಡದು. ಗುಳಿಗೆ ಒಯ್ಯಲು ಎ.ಆರ್.ಟಿ. ಕೇಂದ್ರಕ್ಕೆ ಬಂದವರು ಮಾಡಿದ ದಿನಗಳಿಗೆ ಗುರುತು ಹಾಕಿ ತರಲಿ. ಆಪ್ತಸಮಾಲೋಚಕರು ಗುಳಿಗೆಯ ಲೆಕ್ಕ ಕೇಳುವಾಗಲೇ ಐದು ನಿಮಿಷ ಅದನ್ನೂ ನೋಡಲಿ. ಜಿಲ್ಲೆಯ ಅಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಾಗದು.