ಸೂರಿಗುಂಟು ಅನುಮತಿ, ಹಳ್ಳಕ್ಕಿಲ್ಲ

ಪುನರ್ವಸು ಮಳೆ ಹಿಡಿದುಕೊಂಡ ದಿನಗಳಲ್ಲಿ ಮಲೆನಾಡಿನ ಒಂಟಿ ಮನೆಗಳ ಸ್ಥಿತಿ ಎಲ್ಲರಿಗೂ ಪರಿಚಿತ. ಎಲ್ಲೋ ಘಟ್ಟದ ತಿರುವಿನಲ್ಲಿ ಮರವೊಂದು ತಂತಿಯ ಮೇಲೆ ಒರಗಿರುತ್ತದೆ. ಲೈನ್‌ಮನ್ ಒಬ್ಬ, ಅವನು ನೋಡಿಕೊಳ್ಳಬೇಕಾದ ಹಳ್ಳಿಗಳು ಹಲವು. ಮೂರು ದಿನ, ಕೆಲವೊಮ್ಮೆ ವಾರವಿಡೀ ಕತ್ತಲೆ. ಮೊಬೈಲ್ ಟವರಿನ ಬ್ಯಾಟರಿ ಮುಗಿದ ಮೇಲೆ ಹೊರಗಿನ ಸಂಪರ್ಕವೂ ಇಲ್ಲ. ಆದರೆ ಇದೇ ಹೊತ್ತಿನಲ್ಲಿ ಮನೆಯ ಹಿಂದಿನ ಗುಡ್ಡದಿಂದ ಹಳ್ಳವು ಭೋರ್ಗರೆಯುತ್ತ ಇಳಿಯುತ್ತಿರುತ್ತದೆ.

ಆ ಹಳ್ಳದ ಲೆಕ್ಕ ಸರಳವಾಗಿದೆ. ಸೆಕೆಂಡಿಗೆ 10 ಲೀಟರ್ ನೀರು ಪೈಪಿನೊಳಗೆ 20 ಮೀಟರ್ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 2 ಕಿಲೋವಾಟ್. ಪೈಪಿನ ಘರ್ಷಣೆ, ಟರ್ಬೈನು, ಜನರೇಟರುಗಳಲ್ಲಿ ಅರ್ಧ ಕಳೆದುಹೋದರೂ 1 ಕಿಲೋವಾಟ್ ಉಳಿಯುತ್ತದೆ. ಹಗಲು ರಾತ್ರಿ ತಿರುಗುವ ಯಂತ್ರವಾದ್ದರಿಂದ ದಿನಕ್ಕೆ 24 ಯೂನಿಟ್. ಅಷ್ಟೇ ಸಾಮರ್ಥ್ಯದ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಆಷಾಢದ ಮೋಡದಡಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಬೆಟ್ಟದ ಮಗ್ಗುಲಲ್ಲಿ, ಅಡಿಕೆ ಮರಗಳ ನೆರಳಿನಲ್ಲಿರುವ ಮನೆಗೆ ಇನ್ನೂ ಕಡಿಮೆ. ಕಿರು ಟರ್ಬೈನಿನಲ್ಲಿ ಬಳಸಿ ಉಳಿದ ವಿದ್ಯುತ್ತನ್ನು ನಿಯಂತ್ರಕವು ನೀರು ಕಾಯಿಸುವ ಕಾಯಿಲಿಗೆ ಹರಿಸುವುದರಿಂದ ಬಚ್ಚಲ ಹಂಡೆಗೆ ಸುರಿಯುವ ಸೌದೆಯೂ ಉಳಿಯುತ್ತದೆ. ಇದು ಪರೀಕ್ಷೆಯ ಹಂತದ ಮಾತಲ್ಲ. ಪಶ್ಚಿಮಘಟ್ಟದ ಎಷ್ಟೋ ತೋಟದ ಮನೆಗಳಲ್ಲಿ ಇಂಥ ಯಂತ್ರಗಳು ವರ್ಷಗಳಿಂದ ತಿರುಗುತ್ತಿವೆ.

ಹೀಗಿದ್ದೂ ಮನೆಯೊಡೆಯನು ಅನುಮತಿ ಕೇಳಲು ಹೊರಟರೆ ಅವನೆದುರು ತೆರೆಯುವ ಬಾಗಿಲು ಒಂದೇ, ಸೂರಿನ ಮೇಲಿನ ಸೌರಘಟಕದ್ದು. ಆ ಬಾಗಿಲನ್ನು ಸರ್ಕಾರ ಈಚೆಗೆ ಸಾಕಷ್ಟು ಅಗಲ ಮಾಡಿದೆ ಎಂಬುದನ್ನು ಒಪ್ಪಲೇಬೇಕು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ 10 ಕಿಲೋವಾಟ್‌ವರೆಗಿನ ಸೌರಘಟಕದ ಅರ್ಜಿ ಕ್ರಮಬದ್ಧವಾಗಿದ್ದರೆ ತಾಂತ್ರಿಕ ಪರಿಶೀಲನೆಯಿಲ್ಲದೆಯೇ ಅಂಗೀಕಾರವಾದಂತೆ. 5 ಕಿಲೋವಾಟ್‌ವರೆಗೆ ಟ್ರಾನ್ಸ್‌ಫಾರ್ಮರ್, ತಂತಿಗಳ ಬಲವರ್ಧನೆ ಬೇಕಾದರೆ ಅದರ ಖರ್ಚು ವಿದ್ಯುತ್ ಸರಬರಾಜು ಕಂಪನಿಯದು. ಅದೇ ವರ್ಷ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯು ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿಯಂತೆ, 3 ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟರೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು.

ಕಾಗದದಲ್ಲಿ ಇಷ್ಟು ಸುಲಭವಾದದ್ದು ಹಳ್ಳಿಯಲ್ಲಿ ಎಡವುವುದು ಬೇರೆ ಕಡೆ. ಆರ್.ಆರ್. ನಂಬರು ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಪೌತಿ ಖಾತೆಯಾಗಿರುವುದಿಲ್ಲ, ಕೂಡುಕುಟುಂಬದ ಮನೆ ಪಾಲಾಗಿರುವುದಿಲ್ಲ. 94ಸಿ ಅಡಿಯಲ್ಲಿ ಸಕ್ರಮಕ್ಕೆ ಅರ್ಜಿ ಹಾಕಿ ಕಾದಿರುವ ಬಡವನ ಬಳಿ ಸೂರಿದೆ, ಸೂರಿನ ಕಾಗದವಿಲ್ಲ. ಇನ್ನೊಂದು ಸಂಗತಿಯನ್ನು ಮಾರಾಟಗಾರರು ಸಾಮಾನ್ಯವಾಗಿ ಕೊನೆಗೆ ಹೇಳುತ್ತಾರೆ. ಲೈನಿಗೆ ಜೋಡಿಸಿದ ಸಾಮಾನ್ಯ ಸೌರಘಟಕವು ಲೈನು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವವನ ಜೀವ ಉಳಿಸಲು ಅದು ಹಾಗೆ ನಿಲ್ಲಲೇಬೇಕು. ಬ್ಯಾಟರಿಯ ಖರ್ಚನ್ನು ಬೇರೆಯಾಗಿ ಹೊರದಿದ್ದರೆ ನೆಟ್ ಮೀಟರು ಹಾಕಿಸಿದ ಮನೆಯೂ ಪುನರ್ವಸುವಿನ ಕತ್ತಲೆಯಲ್ಲಿ ನೆರೆಮನೆಯಂತೆಯೇ ಬುಡ್ಡಿದೀಪ ಹುಡುಕುತ್ತದೆ. ಬಯಲುಸೀಮೆಯ ಬಿಸಿಲಿಗೆ, ಪಟ್ಟಣದ ಬಿಲ್ಲಿಗೆ ಹೊಂದುವಂತೆ ರೂಪಿಸಿದ ವ್ಯವಸ್ಥೆಯಿದು. ಗೃಹಜ್ಯೋತಿಯಿಂದ ಬಿಲ್ಲೇ ಇಲ್ಲದ ಮಲೆನಾಡಿನ ಮನೆಗೆ ಬೇಕಾಗಿರುವುದು ಬಿಲ್ಲಿನ ಉಳಿತಾಯವಲ್ಲ, ಮಳೆಗಾಲದ ಬೆಳಕು.

ಹಳ್ಳದ ಕಡೆ ತಿರುಗಿದರೆ ಕಾನೂನು ವಿಚಿತ್ರವಾಗಿ ಕಾಣುತ್ತದೆ. 2003ರ ವಿದ್ಯುತ್ ಕಾಯ್ದೆಯಂತೆ ಸ್ವಂತ ಬಳಕೆಗೆ ವಿದ್ಯುತ್ ಉತ್ಪಾದಿಸಲು ಲೈಸೆನ್ಸ್ ಬೇಕಿಲ್ಲ. ಗ್ರಾಹಕರ ಹಕ್ಕುಗಳ ನಿಯಮಗಳೂ ಸೌರಶಕ್ತಿಯೂ ಸೇರಿದಂತೆ ನವೀಕರಿಸಬಹುದಾದ ಇಂಧನದ ಘಟಕ ಸ್ಥಾಪಿಸುವುದು ಗ್ರಾಹಕನ ಹಕ್ಕು ಎನ್ನುತ್ತವೆ. ಅಂದರೆ ತೊಡಕಿರುವುದು ವಿದ್ಯುತ್ತಿನಲ್ಲಲ್ಲ. ನೀರಿನಲ್ಲಿ ಮತ್ತು ಪೈಪು ಹಾಯುವ ನೆಲದಲ್ಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಹೊಳೆ ಹಳ್ಳಗಳು, ಅವುಗಳಲ್ಲಿ ಹರಿಯುವ ನೀರು ಸರ್ಕಾರದ ಸ್ವತ್ತು. ಪೈಪು ಹಾಯುವ ಸೊಪ್ಪಿನ ಬೆಟ್ಟದಲ್ಲಿ ತೋಟಿಗನಿಗೆ ಸೊಪ್ಪು ಸೌದೆಯ ಸವಲತ್ತುಂಟು, ನೆಲದ ಒಡೆತನವಿಲ್ಲ. ಅಡಿಕೆ ದಂಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ಅಬ್ಬಿಯ ನೀರು ತಲೆಮಾರುಗಳಿಂದ ಅಡುಗೆಮನೆಗೆ ಇಳಿಯುತ್ತಿದೆ, ಅದನ್ನು ಕೇಳಿದವರಿಲ್ಲ. ಅದೇ ಪೈಪಿನ ತುದಿಗೆ ಒಂದು ಚಕ್ರ ಕೂರಿಸಿದರೆ ಪ್ರಶ್ನೆಗಳು ಏಳುತ್ತವೆ. ಉತ್ತರಿಸಬೇಕಾದ ಕಚೇರಿ ಯಾವುದು? ಕಂದಾಯದವರು ಅರಣ್ಯದ ಕಡೆ, ಅರಣ್ಯದವರು ನೀರಾವರಿಯ ಕಡೆ ಕೈ ತೋರಿದರೆ ಯಾರನ್ನೂ ದೂರುವಂತಿಲ್ಲ, ಏಕೆಂದರೆ ಒಂದು ಕಿಲೋವಾಟಿನ ಹಳ್ಳಕ್ಕೆಂದು ಅರ್ಜಿಯ ನಮೂನೆಯನ್ನೇ ಯಾರೂ ಬರೆದಿಲ್ಲ.

ದೊಡ್ಡವರಿಗೆ ಈ ಕಷ್ಟವಿಲ್ಲ. 25 ಮೆಗಾವಾಟ್‌ಗಿಂತ ಕೆಳಗಿನ ಜಲವಿದ್ಯುತ್ ಯೋಜನೆಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಮತಿಯ ವ್ಯಾಪ್ತಿಗೇ ಬರುವುದಿಲ್ಲ. ಅರಣ್ಯಭೂಮಿ ಬೇಕಾದರೆ ಮಾತ್ರ ಆ ಅನುಮತಿ ಬೇರೆ. 24 ಮೆಗಾವಾಟ್ ಎಂದರೆ 24,000 ಕಿಲೋವಾಟ್. ಅದಕ್ಕೆ ರಸ್ತೆ, ಕಾಲುವೆ, ಸುರಂಗ, ಕಾಡು ಸೀಳುವ ತಂತಿ ಎಲ್ಲವೂ ಬೇಕು. ಲಿಂಗನಮಕ್ಕಿಯಲ್ಲಿ 1964ರಲ್ಲಿ ನೀರು ನಿಲ್ಲಿಸಿ 1,035 ಮೆಗಾವಾಟ್ ತೆಗೆಯುವ ಶರಾವತಿ ಕಣಿವೆಯ ಆಸುಪಾಸಿನಲ್ಲೇ ಮಳೆಗಾಲದಲ್ಲಿ ಮನೆಗಳು ಕತ್ತಲಲ್ಲಿರುತ್ತವೆ ಎಂಬುದನ್ನು ಮುಳುಗಡೆ ಸಂತ್ರಸ್ತರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಿರು ಟರ್ಬೈನಿಗೆ ಅನುಮತಿಯೇ ಬೇಡ ಎನ್ನೋಣವೇ? ಪರಿಸರದ ಕಾರ್ಯಕರ್ತರಲ್ಲೇ ಕೆಲವರು ಹಾಗೆನ್ನುತ್ತಾರೆ. ಅದು ಸರಿಯಲ್ಲ. ನೀರು ಕೆಳಗೆ ಹಳ್ಳಕ್ಕೇ ಮರಳುತ್ತದೆಂಬುದು ನಿಜ. ಆದರೆ ಕಟ್ಟ ಕಟ್ಟಿದ ಜಾಗದಿಂದ ನೀರು ಮರಳುವ ಜಾಗದವರೆಗಿನ ಹಳ್ಳದ ಭಾಗ ಬತ್ತಿದರೆ, ಬಂಡೆಗೆ ಅಂಟಿ ಬದುಕುವ ಮೀನಿಗೂ ಕಪ್ಪೆಯ ಗೊದಮೊಟ್ಟೆಗೂ ಬೇರೆ ತಾವಿಲ್ಲ. ಒಂದು ಪೈಪಿಗೆ ಏನೂ ಆಗದ ಹಳ್ಳ, ಐದು ಮನೆಯವರು ಒಬ್ಬರ ಮೇಲೊಬ್ಬರು ಪೈಪು ಹೂಡಿದರೆ ಉಳಿಯದು. ಕೆಳಗಿನ ತೋಟದವನ ಕಾರ್ತಿಕ ಮಾಸದ ನೀರಿನ ಪಾಳಿಯೂ ಇದೆ. ಅಭಯಾರಣ್ಯದೊಳಗಂತೂ ನೀರಿನ ಹರಿವು ತಿರುಗಿಸುವುದನ್ನು 1972ರ ವನ್ಯಜೀವಿ ಕಾಯ್ದೆ ಬಹುಮಟ್ಟಿಗೆ ತಡೆದಿದೆ; ತಡೆದಿರುವುದು ನ್ಯಾಯವೇ. ಅಲ್ಲಿನ ಮನೆಗಳಿಗೆ ಲೈನಿನ ಹಂಗಿಲ್ಲದ, ಬ್ಯಾಟರಿಸಹಿತ ಸೌರದೀಪವೇ ಸರಿಯಾದ ದಾರಿ. ಅದಕ್ಕೆ ನೆಟ್ ಮೀಟರಿನ ಅರ್ಜಿಯೂ ಬೇಕಿಲ್ಲ.

ಬೇಕಿರುವುದು ಹತ್ತಿರದ ಅನುಮತಿ, ಹಳ್ಳವನ್ನು ಕಣ್ಣಾರೆ ಕಂಡವರು ಕೊಡುವಂಥದು. ಅದಕ್ಕೆ ಕಾನೂನಿನಲ್ಲಿ ಒಂದು ಕಿಂಡಿ ಈಗಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಅರಣ್ಯವಾಸಿ ಹಳ್ಳಿಗಳ ಸೌಲಭ್ಯಗಳನ್ನು ಪಟ್ಟಿ ಮಾಡುವಾಗ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪುಗಳ ಜೊತೆಗೆ ಅಸಾಂಪ್ರದಾಯಿಕ ಇಂಧನ ಮೂಲಗಳನ್ನೂ ಹೆಸರಿಸಿದೆ. ಒಂದು ಹೆಕ್ಟೇರಿಗಿಂತ ಕಡಿಮೆ ನೆಲ, ಹೆಕ್ಟೇರಿಗೆ 75 ಮೀರದ ಮರ, ಜೊತೆಗೆ ಗ್ರಾಮಸಭೆಯ ಶಿಫಾರಸು ಇದರ ಷರತ್ತುಗಳು. ಕೊರತೆಯೆಂದರೆ, ಸೌಲಭ್ಯವು ಸರ್ಕಾರದ ನಿರ್ವಹಣೆಯಲ್ಲಿರಬೇಕು ಎನ್ನುತ್ತದೆ ಕಾಯ್ದೆ. ಹಾಗಾಗಿ ಒಂಟಿ ಮನೆಯ ಅರ್ಜಿ ಇಲ್ಲಿ ನಿಲ್ಲಲಾರದು. ಆದರೆ ನಾಲ್ಕೈದು ಮನೆಗಳು ಸೇರಿ, ಪಂಚಾಯಿತಿಯ ಹೆಸರಿನಲ್ಲಿ ನಡೆಸುವ ಒಂದು ಟರ್ಬೈನಿಗೆ ಈ ದಾರಿಯಲ್ಲಿ ಅನುಮತಿ ಕೇಳಿ ನೋಡಬೇಕು. ಒಂದು ಹಳ್ಳಕ್ಕೆ ಐದು ಪೈಪಿಗಿಂತ ಒಂದು ಪೈಪು ಹಳ್ಳಕ್ಕೂ ಒಳ್ಳೆಯದು.

ಗ್ರಾಮಸಭೆಗೆ ಬರಿಗೈಯಲ್ಲಿ ಹೋದರೆ ಪ್ರಯೋಜನವಿಲ್ಲ. ಶಾಲಾಕಾಲೇಜಿನ ಮಕ್ಕಳು ಒಂದು ಭಾನುವಾರ ಮನಸ್ಸು ಮಾಡಿದರೆ ಬೇಕಾದ ಅಳತೆ ಸಿಗುತ್ತದೆ. ಹಳ್ಳಕ್ಕೆ ತಾತ್ಕಾಲಿಕ ಕಟ್ಟ ಹಾಕಿ ನೀರನ್ನು ಪೈಪಿಗೆ ಹೊರಳಿಸಿ 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ನೋಡುವುದು; ಗಾರೆಯವರು ಬಳಸುವ ನೀರ್ಮಟ್ಟದ ಪೈಪಿನಿಂದ ಮೆಟ್ಟಿಲು ಮೆಟ್ಟಿಲಾಗಿ ಎತ್ತರ ಅಳೆಯುವುದು. ಆಶ್ಲೇಷದಲ್ಲಿ ಒಮ್ಮೆ, ಮಾರ್ಗಶಿರದಲ್ಲಿ ಒಮ್ಮೆ, ಶಿವರಾತ್ರಿಯ ಹೊತ್ತಿಗೆ ಮತ್ತೊಮ್ಮೆ. ಎಷ್ಟು ನೀರನ್ನು ಪೈಪಿಗೆ ಬಿಡದೆ ಹಳ್ಳದಲ್ಲೇ ಉಳಿಸಲಾಗುವುದು, ಯಾವ ತಿಂಗಳಿನಿಂದ ಟರ್ಬೈನು ನಿಲ್ಲಿಸಿ ನೀರನ್ನು ತೋಟಕ್ಕೆ ಬಿಡಲಾಗುವುದು ಎಂಬುದನ್ನೂ ಸೇರಿಸಿ, ಸರ್ವೆ ನಂಬರಿನೊಡನೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ದೃಢೀಕೃತ ನಕಲನ್ನು ಅಂದೇ ಕೇಳಿ ಪಡೆಯಬೇಕು.