ಕಾರು ಉಳಿದರೆ ಸಾಕೇ?

ನಾನಿರುವ ಎಗ್ಮೋರ್‌ ಪಕ್ಕದಲ್ಲೇ ಪುದುಪೇಟೆ. ಹಳೆಯ ವಾಹನ ಬಿಚ್ಚಿ ಬಿಡಿಭಾಗ ಮಾರುವ ಪೇಟೆ. ಗೆಳೆಯನ 1954ರ ಷೆವರ್ಲೆ ಕಾರಿನ ಸಾಮಾನಿಗಾಗಿ ಭಾನುವಾರ ಅಲ್ಲಿ ಅಲೆಯುತ್ತೇವೆ. ಅದರದ್ದು 6 ವೋಲ್ಟ್‌ ಬ್ಯಾಟರಿ, ಇಂಚಿನ ಲೆಕ್ಕದ ಬೋಲ್ಟು. ಇಂದಿನ ಗ್ಯಾರೇಜಿನವರು ಮುಟ್ಟಲು ಹಿಂಜರಿಯುತ್ತಾರೆ. ಸಿಗದ ಭಾಗವನ್ನು ಲೇತ್‌ನಲ್ಲಿ ಮಾಡಿಕೊಡುವ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಜೊತೆಗೆ ಕಲಿಯುವ ಹುಡುಗನಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ ‘ವಿಎ’ ಸರಣಿಯ ನೋಂದಣಿ ತಂದಿತು. ಒಳ್ಳೆಯದೇ. ಆದರೆ ಮಾನ್ಯತೆ ಸಿಕ್ಕಿದ್ದು ಕಾರಿಗೆ, ರಿಪೇರಿ ಬಲ್ಲ ಕೈಗಳಿಗಲ್ಲ. ರಜೆಗೆ ಊರಿಗೆ ಹೋದಾಗ ಶ್ರೀರಂಗಪಟ್ಟಣ ಬಳಿಯ ‘ಪಯಣ’ ಕಾರು ಮ್ಯೂಸಿಯಂ ನೋಡಿ ಬೆರಗಾಗುತ್ತೇವೆ. ಇಂಥ ಕಡೆಗಳಲ್ಲಿ ಐಟಿಐ ಹುಡುಗರು ಹಿರಿಯ ಮೇಸ್ತ್ರಿಗಳ ಕೈಕೆಳಗೆ ಕಲಿಯುವಂತಾಗಬೇಕು. ಹಳೆಯ ಕಾರಿಟ್ಟುಕೊಂಡ ನಾವೂ ಒಬ್ಬ ಹುಡುಗನ ಸಂಬಳ ಹೊರಬಹುದು.