ಬಾಯಿ ಒಬ್ಬರದು, ದನಿ ಇನ್ನೊಬ್ಬರದು

೨೦೨೨ರ ಜುಲೈ ತಿಂಗಳಲ್ಲಿ ಸಾರಿದ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ, ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿಯನ್ನು ಮುದ್ರಿಸಿದ ಕೌಶಲ್ಯಕ್ಕೆ ಮೀಸಲಾದ ಪುರಸ್ಕಾರವು ಕನ್ನಡದ 'ಡೊಳ್ಳು' ಚಿತ್ರಕ್ಕೆ ಸಂದಿತು. ಆದರೆ ಅದರ ಮಾತುಗಳು ಆಮೇಲೆ ಡಬ್ಬಿಂಗಿನಿಂದ ಕೂಡಿಸಿದವುಗಳೆಂದು ಚಿತ್ರದ ಧ್ವನಿವಿನ್ಯಾಸಕರೇ ಹೇಳಿದರು; ಆಸ್ಕರ್ ಪಡೆದ ರಸೂಲ್ ಪೂಕುಟ್ಟಿಯವರೂ ಅದನ್ನೇ ಎತ್ತಿ ಆಡಿದರು. ಕನ್ನಡಕ್ಕೆ ಬಂದ ಮನ್ನಣೆಯೆಂದು ಹಿಗ್ಗಿ ಸುಮ್ಮನಾಗುವದು ಸುಲಭ. ಆದರೆ ಪರೀಕ್ಷಕರ ಕಿವಿಗೇ ಈ ಭೇದವು ತಿಳಿಯದೆ ಹೋದುದು ಹಿಗ್ಗುವ ಮಾತಲ್ಲ.

ನಮ್ಮ ಬೋಲಪಟಗಳು ಹುಟ್ಟಿದ್ದು ಹೀಗಲ್ಲ. ೧೯೩೧ರ 'ಆಲಂ ಆರಾ' ತೆಗೆಯುವಾಗ ಸ್ಟುಡಿಯೋದ ಬಳಿಯಲ್ಲಿಯೇ ರೈಲು ಓಡುತ್ತಿತ್ತು. ಅರ್ದೇಶಿರ ಇರಾಣಿಯವರು ಗಾಡಿಗಳ ಸಪ್ಪಳ ಅಡಗಿದ ರಾತ್ರಿಯಲ್ಲಿ, ನಟರ ಸುತ್ತ ಮೈಕುಗಳನ್ನು ಬಚ್ಚಿಟ್ಟು ಅವರ ನುಡಿಯನ್ನು ಹಿಡಿದರು. ಮುಂದೆ ಹೊರಾಂಗಣಕ್ಕೆ ಹೊತ್ತೊಯ್ಯಬಲ್ಲ ಹಗುರ ಕ್ಯಾಮರಾಗಳು ಬಂದವು. ಅವುಗಳ ಗರಗರ ಸದ್ದು ಮಾತನ್ನೇ ನುಂಗುತ್ತಿತ್ತು. ಆಗ ಡಬ್ಬಿಂಗು ಅನಿವಾರ್ಯವಾಯಿತೆಂಬುದನ್ನು ಒಪ್ಪೋಣ.

ಇಂದಿನ ಡಿಜಿಟಲ್ ಕ್ಯಾಮರಾ ಹಾಗೆ ಗದ್ದಲ ಮಾಡುವದಿಲ್ಲ. ಕೋಲಿನ ತುದಿಯ ಮೈಕು ಉಂಟು, ಅಂಗಿಯೊಳಗೆ ಅಡಗುವ ಗುಂಡಿಯಷ್ಟು ಮೈಕೂ ಉಂಟು. ಜನರೇಟರನ್ನು ದೂರ ನಿಲ್ಲಿಸುವದು, ಫ್ಯಾನು ಆರಿಸುವದು, ತುಣುಕುಗಳ ಬೆಸುಗೆ ಕಾಣದಂತೆ ಮಾಡಲು ಆ ಸ್ಥಳದ ಮೌನವನ್ನೂ ಒಂದು ನಿಮಿಷ ಮುದ್ರಿಸಿಕೊಳ್ಳುವದು, ಇವಕ್ಕೆ ಹಣಕ್ಕಿಂತ ಶಿಸ್ತು ಬೇಕು. ನೂರು ಜನರು ಒಮ್ಮೆಲೇ ಬಾಯಿ ಮುಚ್ಚುವದು ನಮ್ಮಲ್ಲಿ ಕಠಿಣವೆಂಬುದೇನೋ ದಿಟ!

ಕಳೆದುಹೋಗುವದು ಬರಿಯ ಸಹಜತೆಯಲ್ಲ, ನುಡಿಯೇ. ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿಸಿ ೨೦೧೬ರಲ್ಲಿ ತೆರೆಕಂಡ 'ತಿಥಿ'ಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮುದುಕರ ಏರಿಳಿತವನ್ನೂ ನಡುವಿನ ಉಸಿರನ್ನೂ ಬೆಂಗಳೂರಿನ ಮುಚ್ಚಿದ ಕೋಣೆಯಲ್ಲಿ ಪಳಗಿದ ಕಂಠವೊಂದು ತಂದುಕೊಡಬಲ್ಲದೇ? ಧಾರವಾಡದವನೂ ಕಲಬುರ್ಗಿಯವನೂ ಕುಂದಾಪುರದವನೂ ತೆರೆಯ ಮೇಲೆ ಒಂದೇ ಅಚ್ಚಿನ ಕನ್ನಡವನ್ನಾಡಿದರೆ, ಕರ್ನಾಟಕವು ಒಂದಾಯಿತೆಂದಲ್ಲ, ಅದರ ಬಾಯಿ ಕಟ್ಟಿತೆಂದೇ ಅರ್ಥ. ತಮ್ಮ ಸ್ವಂತ ದನಿಯನ್ನು ಚಿತ್ರದಲ್ಲಿ ಎಂದೂ ಕೇಳಿಸದ ನಾಯಿಕೆಯರೆಷ್ಟು ಮಂದಿ! ಅವರ ಅಭಿನಯದಲ್ಲಿ ಅರ್ಧವನ್ನು ಕಸಿದುಕೊಂಡು ಉಳಿದರ್ಧವನ್ನು ವಿಮರ್ಶಿಸುವದು ಯಾವ ನ್ಯಾಯ?

ಸಂತೆಯ ನಡುವೆ, ಜಡಿಮಳೆಯಲ್ಲಿ ಡಬ್ಬಿಂಗು ಬೇಕಾದೀತು, ಬೇಡವೆನ್ನುವವರಾರು? ಅದು ವಾಡಿಕೆಯಾಗಬಾರದು, ಅಷ್ಟೆ. ನಮ್ಮ ನಿರ್ಮಾಪಕರು ಸ್ಥಳವನ್ನಾರಿಸಲು ಹೊರಟಾಗ ಛಾಯಾಗ್ರಾಹಕನೊಡನೆ ಧ್ವನಿಮುದ್ರಕನನ್ನೂ ಕರೆದೊಯ್ಯಲಿ. ಅವನು ಕಿವಿಗೊಟ್ಟು ಬೇಡವೆಂದ ಸ್ಥಳವು ಕಣ್ಣಿಗೆಷ್ಟು ಚೆಲುವಾಗಿದ್ದರೂ ಅದನ್ನು ಬಿಟ್ಟು ಮುಂದಿನ ಊರಿಗೆ ನಡೆಯಲಿ.